ಹಳೆ ಕಾರಿಗೆ ಹೊಸ ಕ್ಯಾಮ್ ಹಾಕಿದಾಗ ಇಸಿಯು ಟ್ಯೂನಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಹಳೆ ಎಸ್ಟೀಮ್, ಜಿಪ್ಸಿ, ಝೆನ್, ಮೊದಲ ತಲೆಮಾರಿನ ಹೋಂಡಾ ಸಿಟಿ, ಇಕಾನ್ ಇಟ್ಟುಕೊಂಡವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ಎಂಜಿನ್ ಕೆಲಸಕ್ಕೆ ಬಿಟ್ಟಾಗ ಬರುವ ಮಾತು ಒಂದೇ: "ಹೇಗೂ ಹೆಡ್ ಇಳಿಸಿದ್ದೀವಿ, ಒಂದು ಕ್ಯಾಮ್ ಹಾಕಿಬಿಡೋಣ ಅಲ್ವಾ?" ಹಾಕಬಹುದು. ಆದರೆ ಕ್ಯಾಮ್ (ಎಂಜಿನ್ ವಾಲ್ವ್‌ಗಳನ್ನು ತೆರೆಯುವ ದಂಡ) ತಂದು ಕೂರಿಸಿದ ಮೇಲೆ ಇಸಿಯು (ಪೆಟ್ರೋಲ್, ಕಿಡಿ ನೋಡಿಕೊಳ್ಳುವ ಎಂಜಿನ್ ಕಂಪ್ಯೂಟರ್) ಬಗ್ಗೆ ಯೋಚಿಸುವವರೇ ಜಾಸ್ತಿ. ಆಗಬೇಕಾದ್ದು ಉಲ್ಟಾ. ನಿಮ್ಮ ಇಸಿಯು ಜೊತೆ ಏನೇನು ಮಾಡಲು ಸಾಧ್ಯ ಎಂದು ಮೊದಲು ತಿಳಿದುಕೊಳ್ಳಿ, ಆಮೇಲೆ ಕ್ಯಾಮ್ ಆರಿಸಿ. ಕೆಳಗಿನ ಉತ್ತರಗಳೆಲ್ಲ ಹೆಚ್ಚುಕಡಿಮೆ ಇದೇ ಮಾತಿನ ಸುತ್ತ ಇವೆ.

ನನ್ನ ಕಾರಿನಲ್ಲಿ ಇಸಿಯು ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಕಾರ್ಬ್ಯುರೇಟರ್ ಇದ್ದರೆ ಈ ಪುಟದ ಮುಕ್ಕಾಲು ಭಾಗ ನಿಮಗೆ ಬೇಡ. ಪದ್ಮಿನಿ, ಕಾಂಟೆಸ್ಸಾ, ಹಳೆ ಮಾರುತಿ 800 ಎಲ್ಲ ಆ ಗುಂಪಿನವು. ಅಲ್ಲಿ ಜೆಟ್ ಬದಲಿಸಿ, ಡಿಸ್ಟ್ರಿಬ್ಯೂಟರ್ ಟೈಮಿಂಗ್ ಹೊಂದಿಸಿದರೆ ಆಯಿತು. ನಮ್ಮಲ್ಲಿ 1999–2000ದ ಆಸುಪಾಸಿನಲ್ಲಿ ಎಮಿಷನ್ ನಿಯಮ ಬಿಗಿಯಾದಾಗ ಪೆಟ್ರೋಲ್ ಕಾರುಗಳು ಒಂದೊಂದಾಗಿ ಎಂಪಿಎಫ್‌ಐಗೆ, ಅಂದರೆ ಪ್ರತಿ ಸಿಲಿಂಡರ್‌ಗೂ ಇಂಜೆಕ್ಟರ್‌ನಿಂದ ಪೆಟ್ರೋಲ್ ಬಿಡುವ ವ್ಯವಸ್ಥೆಗೆ ಬದಲಾದವು. ಹಿಂದೆ ಎಂಪಿಎಫ್‌ಐ ಅಂತ ಸ್ಟಿಕ್ಕರ್ ಇದ್ದರೆ ಒಳಗೆ ಇಸಿಯು ಇದೆ.

ಕ್ಯಾಮ್ ಒಂದನ್ನೇ ಬದಲಿಸಿದರೆ ಇಸಿಯು ಟ್ಯೂನ್ ಮಾಡಿಸಲೇಬೇಕಾ?

ಕ್ಯಾಮ್ ಎಷ್ಟು ದೊಡ್ಡದು ಅನ್ನುವುದರ ಮೇಲೆ ಹೋಗುತ್ತದೆ. ಕಂಪನಿ ಕ್ಯಾಮ್‌ಗಿಂತ ಸ್ವಲ್ಪವೇ ಜಾಸ್ತಿ ಲಿಫ್ಟ್, ಐದಾರು ಡಿಗ್ರಿ ಜಾಸ್ತಿ ಡ್ಯುರೇಷನ್ ಇದ್ದರೆ ಹಳೆ ಇಸಿಯು ಹೇಗೋ ಸಂಭಾಳಿಸುತ್ತದೆ. ಅದನ್ನು ದಾಟಿದರೆ ಟ್ಯೂನಿಂಗ್ ಬೇಕು. ಮಾಡಿಸದಿದ್ದರೆ ಕಾರು ಓಡುವುದೇ ಇಲ್ಲ ಅಂತಲ್ಲ. ಓಡುತ್ತದೆ. ಸಿಗ್ನಲ್‌ನಲ್ಲಿ ಆಫ್ ಆಗುತ್ತದೆ, ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ. ಯಾವ ಆರ್‌ಪಿಎಂಗೋಸ್ಕರ ಕ್ಯಾಮ್ ಹಾಕಿಸಿದಿರೋ ಅಲ್ಲೇ ಪೆಟ್ರೋಲ್ ಸಾಲದೆ ಎಂಜಿನ್ ಬಿಸಿಯಾಗುತ್ತದೆ. ಕೊನೆಯದು ಮಾತ್ರ ದುಬಾರಿ, ಯಾಕೆಂದರೆ ಪಿಸ್ಟನ್‌ಗೆ ಹೊಡೆತ ಬೀಳುವುದು ಅಲ್ಲಿ.

ಕ್ಯಾಮ್ ಬದಲಿಸಿದರೆ ಎಂಜಿನ್ ಒಳಗೆ ನಿಜವಾಗಿ ಏನು ಬದಲಾಗುತ್ತದೆ?

ಕ್ರ್ಯಾಂಕ್ ಎರಡು ಸುತ್ತು ತಿರುಗುವಾಗ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಆ ಒಂದು ಸುತ್ತಿನಲ್ಲಿ ವಾಲ್ವ್ ಯಾವಾಗ ತೆರೆಯಬೇಕು, ಎಷ್ಟು ಮೇಲೇಳಬೇಕು, ಎಷ್ಟು ಹೊತ್ತು ತೆರೆದಿರಬೇಕು ಎನ್ನುವುದನ್ನು ಕ್ಯಾಮ್ ಮೇಲಿನ ಉಬ್ಬಿನ, ಅಂದರೆ ಲೋಬ್‌ನ ಆಕಾರ ತೀರ್ಮಾನಿಸುತ್ತದೆ. ಎಷ್ಟು ಮೇಲೇಳುತ್ತದೆ ಅನ್ನುವುದು ಲಿಫ್ಟ್. ಎಷ್ಟು ಡಿಗ್ರಿ ತೆರೆದಿರುತ್ತದೆ ಅನ್ನುವುದು ಡ್ಯುರೇಷನ್. ಎಕ್ಸಾಸ್ಟ್ ವಾಲ್ವ್ ಮುಚ್ಚುವ ಮೊದಲೇ ಇನ್‌ಟೇಕ್ ವಾಲ್ವ್ ತೆರೆದು, ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಓವರ್‌ಲ್ಯಾಪ್.

ಡ್ಯುರೇಷನ್ ಜಾಸ್ತಿ ಮಾಡಿದರೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. 5000–6000 ಆರ್‌ಪಿಎಂನಲ್ಲಿ ಗಾಳಿಗೆ ಒಳ್ಳೆ ವೇಗ ಇರುವುದರಿಂದ ಪಿಸ್ಟನ್ ಮೇಲೆ ಬರಲು ಶುರು ಮಾಡಿದರೂ ಇನ್ನಷ್ಟು ಗಾಳಿ ನುಗ್ಗುತ್ತದೆ. ಪವರ್ ಸಿಗುವುದು ಇದರಿಂದಲೇ. ಅದೇ 1500 ಆರ್‌ಪಿಎಂನಲ್ಲಿ ಗಾಳಿಗೆ ಆ ವೇಗ ಇರುವುದಿಲ್ಲ. ಒಳಗೆ ಬಂದ ಗಾಳಿಯನ್ನು ಪಿಸ್ಟನ್ ಮತ್ತೆ ಮ್ಯಾನಿಫೋಲ್ಡ್ (ಗಾಳಿ ಬರುವ ಕೊಳವೆ) ಕಡೆ ತಳ್ಳುತ್ತದೆ, ಪಿಕಪ್ ಸಪ್ಪೆಯಾಗುತ್ತದೆ. ಓವರ್‌ಲ್ಯಾಪ್ ಜಾಸ್ತಿ ಆದರೆ ಐಡ್ಲಿಂಗ್‌ನಲ್ಲಿ ಸುಟ್ಟ ಹೊಗೆಯೂ ವಾಪಸ್ ಬಂದು ಹೊಸ ಮಿಶ್ರಣದ ಜೊತೆ ಸೇರುತ್ತದೆ. ಆ "ಗುಡು ಗುಡು" ಸದ್ದು ಬರುವುದು ಇಲ್ಲಿಂದ. ಎಷ್ಟೋ ಜನ ಕ್ಯಾಮ್ ಹಾಕಿಸುವುದೇ ಆ ಸದ್ದಿಗೋಸ್ಕರ, ಆದರೆ ಬಾಯಿಬಿಟ್ಟು ಹೇಳುವುದಿಲ್ಲ.

ಇಸಿಯುಗೆ ಇದ್ಯಾವುದೂ ಗೊತ್ತಿಲ್ಲ. ಅದರೊಳಗಿನ ಟೇಬಲ್‌ಗಳನ್ನು, ಅಂದರೆ ಯಾವಾಗ ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಎಂಬ ಪಟ್ಟಿಗಳನ್ನು ಕಂಪನಿಯವರು ಹಳೆ ಕ್ಯಾಮ್ ಹಾಕಿ ಅಳೆದು ಬರೆದಿದ್ದಾರೆ. ಮೈ ಬದಲಾದರೂ ಹಳೆ ಅಳತೆ ಚೀಟಿ ನೋಡಿಕೊಂಡೇ ಅಂಗಿ ಹೊಲಿಯುವ ಟೈಲರ್ ಹಾಗೆ ಅದು ಕೆಲಸ ಮಾಡುತ್ತಲೇ ಇರುತ್ತದೆ.

ಐಡ್ಲಿಂಗ್‌ನಲ್ಲಿ ಪೆಟ್ರೋಲ್ ವಾಸನೆ, ಕಪ್ಪು ಹೊಗೆ ಯಾಕೆ ಬರುತ್ತದೆ?

ಜಿಪ್ಸಿ, ಹಳೆ ಹೋಂಡಾ ಸಿಟಿಯಂಥ ಕಾರುಗಳಲ್ಲಿ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್ ಇಲ್ಲ. ಇರುವುದು ಮ್ಯಾಪ್ ಸೆನ್ಸರ್. ಅದು ಮ್ಯಾನಿಫೋಲ್ಡ್ ಒಳಗಿನ ಒತ್ತಡವನ್ನು ಮಾತ್ರ ಹೇಳುತ್ತದೆ. ಒತ್ತಡ, ಆರ್‌ಪಿಎಂ, ಗಾಳಿಯ ಬಿಸಿ ಇವುಗಳಿಂದ ಒಳಗೆ ಎಷ್ಟು ಗಾಳಿ ಬಂದಿರಬೇಕು ಎಂದು ಇಸಿಯು ಲೆಕ್ಕ ಹಾಕಿ ಪೆಟ್ರೋಲ್ ಬಿಡುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ಹಳೆ ಕ್ಯಾಮ್‌ನಲ್ಲಿ ಐಡ್ಲಿಂಗ್ ಒತ್ತಡ 35 ಕಿಲೋಪ್ಯಾಸ್ಕಲ್ ಇತ್ತು. ಹೊಸ ಕ್ಯಾಮ್ ಹಾಕಿದ ಮೇಲೆ ಓವರ್‌ಲ್ಯಾಪ್‌ನಿಂದಾಗಿ ವ್ಯಾಕ್ಯೂಮ್ ಕಡಿಮೆಯಾಗಿ 55ಕ್ಕೆ ಬಂತು. ಎಂಜಿನ್ ಮಾಡುತ್ತಿರುವುದು ಅದೇ ಕೆಲಸ, ತನ್ನನ್ನು ತಾನು ತಿರುಗಿಸಿಕೊಳ್ಳುವುದು. ಆದರೆ ಇಸಿಯು ಹಳೆ ಟೇಬಲ್ ನೋಡಿ, ಯಾರೋ ಆಕ್ಸಿಲರೇಟರ್ ಒತ್ತಿದ್ದಾರೆ ಎಂದುಕೊಳ್ಳುತ್ತದೆ. 55ನ್ನು 35ರಿಂದ ಭಾಗಿಸಿ, 1.57 ಬರುತ್ತದೆ. ಅಂದರೆ ಸುಮಾರು ಒಂದೂವರೆ ಪಟ್ಟು ಪೆಟ್ರೋಲ್. ಆ ಒತ್ತಡದಲ್ಲಿ ದೊಡ್ಡ ಪಾಲು ಹೊಸ ಗಾಳಿಯಲ್ಲ, ವಾಪಸ್ ಬಂದ ಹೊಗೆ. ಹಾಗಾಗಿ ಮಿಶ್ರಣ ಪೂರ್ತಿ ರಿಚ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ) ಆಗುತ್ತದೆ.

ಇಲ್ಲಿಗೆ ಮುಗಿಯುವುದಿಲ್ಲ. ಓವರ್‌ಲ್ಯಾಪ್ ಹೊತ್ತಿನಲ್ಲಿ ಸುಡದ ಗಾಳಿ ಸ್ವಲ್ಪ ಸೈಲೆನ್ಸರ್ ಕಡೆ ಹಾದುಹೋಗುತ್ತದೆ, ಮಿಸ್‌ಫೈರ್ ಆದಾಗಲೂ ಹಾಗೇ. ಆಕ್ಸಿಜನ್ ಸೆನ್ಸರ್ ಆ ಗಾಳಿಯನ್ನು ನೋಡಿ "ಮಿಶ್ರಣ ಲೀನ್ ಇದೆ", ಅಂದರೆ ಪೆಟ್ರೋಲ್ ಕಡಿಮೆ ಎಂದು ಸುದ್ದಿ ಕಳಿಸುತ್ತದೆ. ಇಸಿಯು ಅದನ್ನು ನಂಬಿ ಮತ್ತಷ್ಟು ಪೆಟ್ರೋಲ್ ಸೇರಿಸುತ್ತದೆ. ಮೊದಲೇ ರಿಚ್, ಈಗ ಇನ್ನೂ ರಿಚ್. ಸೆನ್ಸರ್ ಕೆಟ್ಟಿದೆ ಎಂದು ಹೊಸದು ತರಬೇಡಿ. ಅದು ಕಂಡದ್ದನ್ನೇ ಹೇಳುತ್ತಿದೆ. ಐಡ್ಲಿಂಗ್‌ನಲ್ಲಿ ಅದರ ಮಾತು ಕೇಳಬೇಡ ಎಂದು ಇಸಿಯುಗೆ ಹೇಳುವ ದಾರಿ ಬೇಕು.

ಬ್ಯಾಟರಿ ತಂತಿ ಬಿಚ್ಚಿ ಹಾಕಿದರೆ ಇಸಿಯು ತಾನೇ ಕಲಿಯುತ್ತದಂತೆ, ನಿಜವಾ?

ಅರ್ಧ ನಿಜ. ಬ್ಯಾಟರಿ ತೆಗೆದರೆ ಹಳೆ ತಿದ್ದುಪಡಿಗಳು ಅಳಿಸಿಹೋಗುತ್ತವೆ, ಹೊಸದಾಗಿ ಕಲಿಯುತ್ತದೆ. ಆದರೆ ಆ ಕಲಿಕೆಗೆ ಮಿತಿ ಇದೆ. ಅದು ಪೆಟ್ರೋಲ್ ಅನ್ನು ಒಂದು ಗೆರೆಯೊಳಗೆ ಮಾತ್ರ ಹೆಚ್ಚುಕಡಿಮೆ ಮಾಡಬಲ್ಲದು, ಅದೂ ನಿಧಾನವಾಗಿ ಓಡಿಸುವಾಗ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಹಳೆ ಇಸಿಯು ಆಕ್ಸಿಜನ್ ಸೆನ್ಸರ್ ಕಡೆ ತಿರುಗಿಯೂ ನೋಡುವುದಿಲ್ಲ, ನೇರ ಟೇಬಲ್ ಓದುತ್ತದೆ. ಇಗ್ನಿಷನ್ ಟೈಮಿಂಗ್ ಅಂತೂ ಕಲಿಯುವುದೇ ಇಲ್ಲ. ಸುಮ್ನೆ ಬ್ಯಾಟರಿ ಬಿಚ್ಚಿ ಹಾಕಿ "ಟ್ಯೂನಿಂಗ್ ಆಯಿತು" ಎಂದು ದುಡ್ಡು ಕೇಳಿದರೆ ಕೊಡಬೇಡಿ.

ಹಾಗಾದರೆ ಯಾವ ಕ್ಯಾಮ್ ತರಲಿ?

ಎಲ್ಲಿ ಓಡಿಸುತ್ತೀರಿ ಹೇಳಿ. ದಾವಣಗೆರೆಯ ಹಳೇ ಪಿ.ಬಿ. ರೋಡ್‌ನಲ್ಲಿ ಎರಡನೇ ಗೇರ್, ಮೂರನೇ ಗೇರ್. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗದವರೆಗೆ ಅರವತ್ತು ಕಿಲೋಮೀಟರ್ ಹೋಗುವಾಗ ಐದನೇ ಗೇರ್‌ನಲ್ಲಿ 3000 ಆರ್‌ಪಿಎಂ ಆಸುಪಾಸು. ಜೋಗಿಮಟ್ಟಿ ಏರು ಹತ್ತುವಾಗ ಇನ್ನೂ ಕೆಳಗಿನ ಟಾರ್ಕ್ ಬೇಕು. ನಮ್ಮ ದಿನದ ಓಡಾಟ ನಡೆಯುವುದು 1500ರಿಂದ 4000ದ ನಡುವೆ. ದೊಡ್ಡ ಕ್ಯಾಮ್ ಹಾಕಿದರೆ ಕಳೆದುಕೊಳ್ಳುವುದು ಇದೇ ಜಾಗವನ್ನು. ಗಳಿಸುವುದು 5500ರ ಮೇಲೆ, ಅಲ್ಲಿಗೆ ನಾವು ಹೋಗುವುದು ಅಪರೂಪ.

ಆದ್ದರಿಂದ ರಸ್ತೆ ಕಾರಿಗೆ ನನ್ನ ಮತ ಸಣ್ಣ ಕ್ಯಾಮ್ ಕಡೆಗೆ: ಲಿಫ್ಟ್ ಸ್ವಲ್ಪ ಜಾಸ್ತಿ, ಡ್ಯುರೇಷನ್ ಹತ್ತು ಡಿಗ್ರಿ ಒಳಗೆ ಜಾಸ್ತಿ, ಓವರ್‌ಲ್ಯಾಪ್ ಕಡಿಮೆ. ಆಟೋಕ್ರಾಸ್, ರ್‍ಯಾಲಿ ಎಂದು ಹೋಗುವವರ ಲೆಕ್ಕ ಬೇರೆ. ಅವರು ಗೇರ್ ಅನುಪಾತವನ್ನೂ ಬದಲಿಸಿರುತ್ತಾರೆ, ಎಂಜಿನ್ ಕೆಳಗೆ ಇಳಿಯಲು ಬಿಡುವುದೇ ಇಲ್ಲ.

ಕ್ಯಾಮ್ ಮಾರುವವರು ಡ್ಯುರೇಷನ್ ಹೇಳಿದಾಗ ಅದನ್ನು ಎಷ್ಟು ಲಿಫ್ಟ್‌ನಲ್ಲಿ ಅಳೆದಿದ್ದಾರೆ ಎಂದು ಕೇಳಿ. ಒಂದೇ ಕ್ಯಾಮ್ ಅನ್ನು ವಾಲ್ವ್ ಆಗ ತಾನೇ ಏಳುವಲ್ಲಿ ಅಳೆದರೆ ದೊಡ್ಡ ಸಂಖ್ಯೆ ಬರುತ್ತದೆ, 1 ಮಿ.ಮೀ. ಎದ್ದ ಮೇಲೆ ಅಳೆದರೆ ಸಣ್ಣದು ಬರುತ್ತದೆ. ಎರಡು ಬೇರೆ ಅಳತೆಯ ಕ್ಯಾಮ್‌ಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಮೋಸ ಹೋಗುತ್ತೀರಿ. ಹೋಂಡಾದ ವಿಟೆಕ್ ಎಂಜಿನ್ ಇದ್ದರೆ ಕ್ಯಾಮ್ ಮೇಲೆಯೇ ಎರಡು ಬಗೆಯ ಲೋಬ್ ಇರುತ್ತವೆ. ಅದನ್ನು ಮುಟ್ಟದಿರುವುದೇ ವಾಸಿ.

ಹಳೆ ಕ್ಯಾಮ್ ಅನ್ನೇ ರೀಗ್ರೈಂಡ್ ಮಾಡಿಸಬಹುದಾ? ಹರಿಹರದಲ್ಲಿ ಲೇತ್‌ನವರು ಮಾಡಿಕೊಡ್ತೀವಿ ಅಂತಾರೆ.

ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಾಗುತ್ತಿದ್ದ ಊರು ಹರಿಹರ. ಅಲ್ಲಿ ಕೈ ಪಳಗಿದ ಲೇತ್ ಕೆಲಸದವರಿಗೆ ಕೊರತೆ ಇಲ್ಲ. ವರ್ನಿಯರ್ ಪುಲ್ಲಿ (ಕ್ಯಾಮ್ ಅನ್ನು ಒಂದೆರಡು ಡಿಗ್ರಿ ಸರಿಸಿ ಹೊಂದಿಸುವ ಪುಲ್ಲಿ), ಸ್ಪೇಸರ್, ಸೆನ್ಸರ್ ಬ್ರ್ಯಾಕೆಟ್ ಎಲ್ಲ ಚೆನ್ನಾಗಿ ಮಾಡಿಕೊಡುತ್ತಾರೆ. ಆದರೆ ಲೋಬ್ ಅರೆಯುವುದು ಲೇತ್ ಕೆಲಸ ಅಲ್ಲ. ಅದಕ್ಕೆ ಮಾಸ್ಟರ್ (ಮಾದರಿ ಲೋಬ್) ನೋಡಿ ಅರೆಯುವ ಕ್ಯಾಮ್ ಗ್ರೈಂಡಿಂಗ್ ಮಷಿನ್ ಬೇಕು. ಎಂಟು ಲೋಬ್ ಇದ್ದರೆ ಎಂಟೂ ಒಂದೇ ತರ ಬರಬೇಕು. ಕೈ ಗ್ರೈಂಡರ್ ಹಿಡಿದು ಅರೆದ ಕ್ಯಾಮ್‌ಗೆ ಯಾವ ಇಸಿಯು ಟ್ಯೂನೂ ಕೂರುವುದಿಲ್ಲ, ಒಂದೊಂದು ಸಿಲಿಂಡರ್ ಒಂದೊಂದು ತರ ಉಸಿರಾಡುತ್ತಿರುತ್ತದೆ.

ಸರಿಯಾದ ಮಷಿನ್‌ನಲ್ಲಿ ರೀಗ್ರೈಂಡ್ ಮಾಡಿಸಿದರೂ ಲೋಬ್‌ನ ಕೆಳಭಾಗದ ವೃತ್ತ ಸಣ್ಣದಾಗುತ್ತದೆ, ಟ್ಯಾಪೆಟ್ ಗ್ಯಾಪ್ ದೊಡ್ಡದಾಗುತ್ತದೆ. ಮಾರುತಿಯ ಹಳೆ 1.3 ಎಂಜಿನ್‌ನಂತೆ ರಾಕರ್‌ಗೆ (ಲೋಬ್ ಒತ್ತಿದಾಗ ವಾಲ್ವ್ ತಳ್ಳುವ ತೋಳಿಗೆ) ಸ್ಕ್ರೂ ಇರುವ ಕಡೆ ಅದನ್ನು ತಿರುಗಿಸಿ ಹೊಂದಿಸಬಹುದು, ಸ್ಕ್ರೂ ಉದ್ದ ಇರುವಷ್ಟು. ಮೇಲ್ಮೈಯ ಗಟ್ಟಿ ಪದರ ಅರೆದುಹೋಗಿದ್ದರೆ ಲೋಬ್ ಬೇಗ ಸವೆಯುತ್ತದೆ. ಗಟ್ಟಿತನ ಮತ್ತೆ ಮಾಡಿಸಿದ್ದಾರಾ ಎಂದು ಕೇಳಿ.

ಲ್ಯಾಪ್‌ಟಾಪ್ ತೆಗೆಯುವ ಮೊದಲು ಏನೇನು ನೋಡಿಕೊಳ್ಳಬೇಕು?

ಇದು ಈ ಪುಟದ ಅತಿ ಮುಖ್ಯ ಪ್ರಶ್ನೆ. ಆದರೆ ಯಾರೂ ಕೇಳುವುದಿಲ್ಲ.

ವಾಲ್ವ್ ಮತ್ತು ಪಿಸ್ಟನ್ ನಡುವಿನ ಜಾಗ ಮೊದಲು. ಪಿಸ್ಟನ್ ತಲೆಯ ಮೇಲೆ ಮಕ್ಕಳು ಆಡುವ ಮೇಣದ ಜೇಡಿ ಒತ್ತಿ, ಹೆಡ್ ಕೂರಿಸಿ, ಟೈಮಿಂಗ್ ಕಟ್ಟಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಬಿಚ್ಚಿ ಜೇಡಿಯ ತೆಳುವಾದ ಜಾಗ ಅಳೆಯಿರಿ. ಇನ್‌ಟೇಕ್‌ಗೆ ಸುಮಾರು 2 ಮಿ.ಮೀ., ಎಕ್ಸಾಸ್ಟ್‌ಗೆ ಸುಮಾರು 2.5 ಮಿ.ಮೀ. ಇದ್ದರೆ ನಿಶ್ಚಿಂತೆ. ಲಿಫ್ಟ್ ಜಾಸ್ತಿ ಆದಾಗ ವಾಲ್ವ್ ಸ್ಪ್ರಿಂಗ್ ಪೂರ್ತಿ ಒತ್ತಿಹೋಗಿ ಸುರುಳಿಗೆ ಸುರುಳಿ ತಾಗುತ್ತದಾ ಎಂದೂ ನೋಡಿ.

ಆಮೇಲೆ ಕ್ಯಾಮ್ ಡಿಗ್ರಿ ಮಾಡುವುದು. ಪುಲ್ಲಿ ಮೇಲಿನ ಗುರುತು ಕೂಡಿಸಿದರೆ ಸಾಲದು. ಕ್ರ್ಯಾಂಕ್‌ಗೆ ಡಿಗ್ರಿ ವೀಲ್, ವಾಲ್ವ್ ಮೇಲೆ ಡಯಲ್ ಗೇಜ್ ಇಟ್ಟು, ಕ್ಯಾಮ್ ಜೊತೆ ಬಂದ ಕಾರ್ಡ್‌ನಲ್ಲಿ ಬರೆದ ಡಿಗ್ರಿಯಲ್ಲೇ ಇನ್‌ಟೇಕ್ ತುತ್ತತುದಿಗೆ ಬರುತ್ತದಾ ಎಂದು ನೋಡಬೇಕು. ಕ್ಯಾಮ್ ಪುಲ್ಲಿಗೆ 40 ಹಲ್ಲು ಇದೆ ಎಂದುಕೊಳ್ಳಿ. ಬೆಲ್ಟ್ ಒಂದು ಹಲ್ಲು ಜಾರಿದರೆ ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ ವ್ಯತ್ಯಾಸ. ಎರಡು ನಾಲ್ಕು ಡಿಗ್ರಿ ಸರಿಪಡಿಸಬೇಕಾದರೆ ವರ್ನಿಯರ್ ಪುಲ್ಲಿ ಇಲ್ಲದೆ ಆಗುವುದಿಲ್ಲ. ಕೆಳಗಿನ ಪಿಕಪ್ ಬೇಕಾದವರು ಕ್ಯಾಮ್ ಅನ್ನು ನಾಲ್ಕು ಡಿಗ್ರಿಯವರೆಗೆ ಮುಂದೆ ಮಾಡಿ ನೋಡಬಹುದು.

ಇಲ್ಲೇ ಒಂದು ಮರೆತುಹೋಗುವ ವಿಷಯ ಇದೆ. ಮಾರುತಿಯ ಜಿ ಸರಣಿಯ ಹಳೆ ಎಂಜಿನ್‌ಗಳಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮ್‌ನ ತುದಿಯಿಂದಲೇ. ನೀವು ವರ್ನಿಯರ್‌ನಲ್ಲಿ ಕ್ಯಾಮ್ ಅನ್ನು ನಾಲ್ಕು ಡಿಗ್ರಿ ಸರಿಸಿದರೆ ಕಿಡಿಯ ಟೈಮಿಂಗ್ ಕೂಡ ಅದರ ಹಿಂದೆಯೇ ನಾಲ್ಕು ಡಿಗ್ರಿ ಸರಿಯುತ್ತದೆ. ಕ್ಯಾಮ್ ಸರಿಸಿದಾಗ ಪಿಕಪ್ ಬಂತು ಎಂದು ಖುಷಿಪಡುವವರಲ್ಲಿ ಎಷ್ಟೋ ಜನಕ್ಕೆ ಸಿಕ್ಕಿದ್ದು ಇಗ್ನಿಷನ್ ಅಡ್ವಾನ್ಸ್. ಪ್ರತಿಸಲ ಟೈಮಿಂಗ್ ಲೈಟ್ ಹಿಡಿದು ಡಿಸ್ಟ್ರಿಬ್ಯೂಟರ್ ವಾಪಸ್ ತನ್ನ ಜಾಗಕ್ಕೆ ತನ್ನಿ.

ವ್ಯಾಕ್ಯೂಮ್ ಪೈಪ್ ಬಿರುಕು, ಮ್ಯಾನಿಫೋಲ್ಡ್ ಪ್ಯಾಕಿಂಗ್ ಲೀಕ್, ದುರ್ಬಲ ಪೆಟ್ರೋಲ್ ಪಂಪ್, ಕಟ್ಟಿದ ಇಂಜೆಕ್ಟರ್ ಎಲ್ಲ ಈಗಲೇ ಸರಿಮಾಡಿ. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ನಮ್ಮ ಕಡೆ ರಸ್ತೆ ಮೇಲೆ ಹಾರುವ ಧೂಳು ಗೊತ್ತಲ್ಲ, ಏರ್ ಫಿಲ್ಟರ್ ಕೂಡ ನೋಡಿ. ಇವನ್ನೆಲ್ಲ ಬಿಟ್ಟು ಟ್ಯೂನ್ ಮಾಡಿದರೆ ಕೆಟ್ಟ ಪೈಪಿಗೆ ಟ್ಯೂನ್ ಮಾಡಿದ ಹಾಗಾಗುತ್ತದೆ.

ರೀಫ್ಲ್ಯಾಶ್, ಪಿಗ್ಗಿಬ್ಯಾಕ್, ಸ್ಟ್ಯಾಂಡ್‌ಅಲೋನ್: ಯಾವುದು ಒಳ್ಳೆಯದು?

ರೀಫ್ಲ್ಯಾಶ್ ಅಂದರೆ ಕಂಪನಿ ಇಸಿಯು ಒಳಗಿನ ಟೇಬಲ್ ಅನ್ನೇ ತಿದ್ದುವುದು. ಹೊಸ ಕಾರುಗಳಿಗೆ ಇದು ಸುಲಭ. 2000ದ ಆಸುಪಾಸಿನ ಎಷ್ಟೋ ಇಸಿಯುಗಳಲ್ಲಿ ಬರೆಯಲು ದಾರಿಯೇ ಇಲ್ಲ. ಕೆಲವದರಲ್ಲಿ ಚಿಪ್ ಕಿತ್ತು ಬೇರೆ ಹಾಕಬಹುದು, ಆದರೆ ಆ ಇಸಿಯು ಒಳಹೊಕ್ಕು ಗೊತ್ತಿರುವವರು ಬೇಕು. ನಿಮ್ಮ ಕಾರಿನ ಇಸಿಯುವನ್ನೇ ಹಿಂದೆ ಮಾಡಿದ ಅನುಭವ ಇದ್ದರೆ ಮಾತ್ರ ಕೊಡಿ.

ಪಿಗ್ಗಿಬ್ಯಾಕ್ ಸೆನ್ಸರ್ ಮತ್ತು ಇಸಿಯು ನಡುವೆ ಕೂರುವ ಡಬ್ಬಿ. ಬರುವ ಸಿಗ್ನಲ್ ಅನ್ನು ತಿರುಚಿ ಇಸಿಯುಗೆ ಕೊಡುತ್ತದೆ. ಅಗ್ಗದವು ಮ್ಯಾಪ್ ಸಿಗ್ನಲ್ ಅನ್ನು ಮಾತ್ರ ತಿರುಚುತ್ತವೆ, ಅಪಾಯ ಅಲ್ಲೇ ಇದೆ. ಪೆಟ್ರೋಲ್ ಕಡಿಮೆ ಮಾಡಲು ಒತ್ತಡ ಕಡಿಮೆ ಎಂದು ಸುಳ್ಳು ಹೇಳಿದರೆ, ಇಸಿಯು ಅದೇ ಸುಳ್ಳನ್ನು ಟೈಮಿಂಗ್ ಟೇಬಲ್‌ಗೂ ಒಯ್ಯುತ್ತದೆ. ಲೋಡ್ ಕಡಿಮೆ ಇದೆ ಎಂದು ತಿಳಿದು ಕಿಡಿಯನ್ನು ಇನ್ನಷ್ಟು ಮುಂದೆ ಮಾಡುತ್ತದೆ. ಬೇಸಿಗೆಯ ಮಧ್ಯಾಹ್ನ ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿಯುವುದು) ಶುರುವಾಗುತ್ತದೆ. ಇಂಜೆಕ್ಟರ್ ಮತ್ತು ಇಗ್ನಿಷನ್ ಎರಡನ್ನೂ ಬೇರೆಬೇರೆಯಾಗಿ ಹಿಡಿಯುವ ಪಿಗ್ಗಿಬ್ಯಾಕ್ ಇದ್ದರೆ ಸಣ್ಣ ಕ್ಯಾಮ್‌ಗೆ ಅದು ಸಾಕು.

ಸ್ಟ್ಯಾಂಡ್‌ಅಲೋನ್ ಅಂದರೆ ಹಳೆ ಇಸಿಯು ಪೂರ್ತಿ ಪಕ್ಕಕ್ಕಿಟ್ಟು ಹೊಸದು ಹಾಕುವುದು. ಮೆಗಾಸ್ಕ್ವಿರ್ಟ್, ಸ್ಪೀಡುಯಿನೋ ಇಂಥವು. ಸ್ಪೀಡುಯಿನೋ ಓಪನ್ ಸೋರ್ಸ್, ಆರ್ಡುಯಿನೋ ಮೆಗಾ ಬೋರ್ಡ್ ಮೇಲೆ ನಡೆಯುತ್ತದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಆರ್ಡುಯಿನೋ ಆಡಿದ ಹುಡುಗರಿಗೆ ಹೆದರಿಕೆ ಏನೂ ಇರುವುದಿಲ್ಲ. ಹಳೆ ಕಾರಿಗೆ ದೊಡ್ಡ ಕ್ಯಾಮ್ ಹಾಕುವುದಾದರೆ ನಾನು ಹೇಳುವುದು ಇದನ್ನೇ. ಎಲ್ಲ ಟೇಬಲ್ ನಿಮ್ಮ ಕೈಯಲ್ಲಿ, ಮುಚ್ಚುಮರೆ ಇಲ್ಲ. ಆದರೆ ವೈರಿಂಗ್ ಶ್ರಮ ಜಾಸ್ತಿ. ಕ್ರ್ಯಾಂಕ್ ಪುಲ್ಲಿಗೆ 36 ಹಲ್ಲಿನಲ್ಲಿ ಒಂದು ಹಲ್ಲು ಬಿಟ್ಟ ಚಕ್ರ ಹಾಕಿಸಿಕೊಂಡರೆ ಟೈಮಿಂಗ್ ನಿಖರವಾಗಿ ಸಿಗುತ್ತದೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಸೆನ್ಸರ್‌ಗಳ ಲೆಕ್ಕವೆಲ್ಲ ಕುಣಿಯುತ್ತದೆ. ಇಲ್ಲಿ ಒಳ್ಳೆ ಆಟೋ ಎಲೆಕ್ಟ್ರಿಷಿಯನ್ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಹೊಸ ಕ್ಯಾಮ್ ಹಾಕಿ ಮೊದಲ ಸಲ ಸ್ಟಾರ್ಟ್ ಮಾಡುವಾಗ ಏನು ಎಚ್ಚರಿಕೆ?

ಲೋಬ್‌ಗಳಿಗೆ ಕ್ಯಾಮ್ ಜೊತೆ ಬರುವ ಪೇಸ್ಟ್ ಹಚ್ಚಿರಬೇಕು. ಸ್ಟಾರ್ಟರ್ ಅನ್ನು ಎಳೆದೆಳೆದು ಕ್ರ್ಯಾಂಕ್ ಮಾಡಬಾರದು. ಎರಡು ಮೂರು ಪ್ರಯತ್ನದಲ್ಲಿ ಹಿಡಿಯದಿದ್ದರೆ ನಿಲ್ಲಿಸಿ, ಯಾಕೆಂದು ನೋಡಿ. ಹಿಡಿದ ತಕ್ಷಣ ಐಡ್ಲಿಂಗ್‌ಗೆ ಬಿಡಬೇಡಿ. ರಾಕರ್ ನೇರ ಲೋಬ್ ಮೇಲೆ ಉಜ್ಜುವ ಎಂಜಿನ್‌ಗಳಲ್ಲಿ ಮೊದಲ ಇಪ್ಪತ್ತು ನಿಮಿಷ 2000–2500 ಆರ್‌ಪಿಎಂ ನಡುವೆ ಏರಿಳಿಸುತ್ತಾ ಇಟ್ಟರೆ ಲೋಬ್‌ಗೆ ಎಣ್ಣೆ ಚೆನ್ನಾಗಿ ಚಿಮ್ಮುತ್ತದೆ. ಹಾಗಾಗಿ ಮೊದಲ ದಿನವೇ ಎಂಜಿನ್ ಸ್ಥಿರವಾಗಿ ಓಡುವಷ್ಟು ಒಂದು ಟೇಬಲ್ ಇಸಿಯುದಲ್ಲಿ ಇರಬೇಕು. ಪೆಟ್ರೋಲ್ ವಿಪರೀತ ಬಿದ್ದರೆ ಸಿಲಿಂಡರ್ ಗೋಡೆಯ ಎಣ್ಣೆ ತೊಳೆದುಹೋಗಿ ಹೊಸ ರಿಂಗ್ ಹಾಳಾಗುತ್ತದೆ.

ಟ್ಯೂನಿಂಗ್ ಯಾವ ಕ್ರಮದಲ್ಲಿ ಮಾಡುವುದು?

ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ ಶುರು ಮಾಡಬೇಡಿ. ಕಾರಿನಲ್ಲಿ ಇರುವ ಹಳೆ ಆಕ್ಸಿಜನ್ ಸೆನ್ಸರ್ 0.45 ವೋಲ್ಟ್ ಸುತ್ತ ಮೇಲೆ ಕೆಳಗೆ ಹಾರುತ್ತದೆ, ರಿಚ್ ಅಥವಾ ಲೀನ್ ಎಂದಷ್ಟೇ ಹೇಳುತ್ತದೆ. ಎಷ್ಟು ಎಂದು ಹೇಳುವುದು ವೈಡ್‌ಬ್ಯಾಂಡ್ ಮಾತ್ರ.

ಮೊದಲು ಪೆಟ್ರೋಲ್ ಟೇಬಲ್‌ನ ನಡುಭಾಗ, ಅಂದರೆ 2000–3500 ಆರ್‌ಪಿಎಂ, ಹಗುರ ಲೋಡ್. ಇಲ್ಲಿ ಲ್ಯಾಂಬ್ಡಾ 1ರ ಹತ್ತಿರ ಇರಲಿ (ಪೆಟ್ರೋಲ್‌ಗೆ ಬೇಕಾದಷ್ಟೇ ಗಾಳಿ ಇದ್ದರೆ ಲ್ಯಾಂಬ್ಡಾ 1, ಅದಕ್ಕಿಂತ ಕಡಿಮೆ ಅಂದರೆ ರಿಚ್). ಆಮೇಲೆ ಐಡ್ಲಿಂಗ್. ಕಂಪನಿಯ 800ಕ್ಕೆ ಪಟ್ಟು ಹಿಡಿಯಬೇಡಿ, 1000ರಿಂದ 1100ಕ್ಕೆ ಏರಿಸಿ. ಐಡ್ಲಿಂಗ್‌ನಲ್ಲಿ ಲ್ಯಾಂಬ್ಡಾ 1 ಬೇಕೇ ಬೇಕು ಎಂದು ಹಟ ಬೇಡ. ಓವರ್‌ಲ್ಯಾಪ್ ಇದ್ದಾಗ ಸ್ವಲ್ಪ ರಿಚ್ ಆಗಿಯೇ ಎಂಜಿನ್ ಸಮಾಧಾನದಿಂದ ಇರುತ್ತದೆ. ಸೆನ್ಸರ್ ನೋಡಿ ತಿದ್ದುವುದನ್ನು ಐಡ್ಲಿಂಗ್ ಭಾಗದಲ್ಲಿ ಆಫ್ ಮಾಡಿ. ಮ್ಯಾಪ್ ರೀಡಿಂಗ್ ತೀರಾ ಕುಣಿಯುತ್ತಿದ್ದರೆ ಕೆಳಗಿನ ಭಾಗಕ್ಕೆ ಥ್ರಾಟಲ್ ತೆರೆದ ಪ್ರಮಾಣ ನೋಡಿ ಪೆಟ್ರೋಲ್ ಕೊಡುವ ವಿಧಾನ ಇದೆ, ಅದನ್ನು ಬಳಸಬಹುದು. ಎಸಿ ಹಾಕಿದಾಗ ಆರ್‌ಪಿಎಂ ಬೀಳದಂತೆ ನೋಡಿಕೊಳ್ಳುವುದು ಐಡ್ಲಿಂಗ್ ಕೆಲಸದ ಕೊನೆ.

ಪೂರ್ತಿ ಆಕ್ಸಿಲರೇಟರ್ ಕೊನೆಗೆ. ಅಲ್ಲಿ ಲ್ಯಾಂಬ್ಡಾ 0.86–0.88 ಇಟ್ಟುಕೊಳ್ಳಿ. ರಿಚ್ ಕಡೆಯಿಂದ ಲೀನ್ ಕಡೆಗೆ ನಿಧಾನವಾಗಿ ಬನ್ನಿ, ಉಲ್ಟಾ ಬೇಡ. ಇಂಜೆಕ್ಟರ್ ಶೇಕಡಾ 85ಕ್ಕಿಂತ ಹೆಚ್ಚು ಹೊತ್ತು ತೆರೆದಿದ್ದರೆ ಅದರ ಶಕ್ತಿ ಮುಗಿಯಿತು ಎಂದರ್ಥ, ದೊಡ್ಡದು ಬೇಕು. ಸಣ್ಣ ಕ್ಯಾಮ್‌ಗೆ ಸಾಮಾನ್ಯವಾಗಿ ಅಲ್ಲಿಯವರೆಗೆ ಹೋಗುವುದಿಲ್ಲ.

ಇಗ್ನಿಷನ್ ಟೈಮಿಂಗ್ ಎಷ್ಟು ಇಡಬೇಕು?

ಒಂದು ಸಂಖ್ಯೆ ಹೇಳಲು ಬರುವುದಿಲ್ಲ, ದಿಕ್ಕು ಹೇಳಬಹುದು. ಐಡ್ಲಿಂಗ್‌ನಲ್ಲಿ ಹಳೆ ಹೊಗೆ ಸೇರಿರುವುದರಿಂದ ಮಿಶ್ರಣ ನಿಧಾನ ಸುಡುತ್ತದೆ. ಕಂಪನಿ 8–10 ಡಿಗ್ರಿ ಇಟ್ಟಿದ್ದರೆ 15ರ ಮೇಲೆ ಹೋಗಿ ನೋಡಿ, ವ್ಯಾಕ್ಯೂಮ್ ಏರುತ್ತದೆ, ಐಡ್ಲಿಂಗ್ ಸ್ಥಿರವಾಗುತ್ತದೆ. ಕೆಳಗಿನ ಆರ್‌ಪಿಎಂನಲ್ಲಿ ಇನ್‌ಟೇಕ್ ತಡವಾಗಿ ಮುಚ್ಚುವುದರಿಂದ ಒಳಗಿನ ಒತ್ತಡ ಕಡಿಮೆ, ಅಲ್ಲಿಯೂ ಒಂದೆರಡು ಡಿಗ್ರಿ ಜಾಸ್ತಿ ತಾಳಿಕೊಳ್ಳುತ್ತದೆ. ಹೊಸ ಕ್ಯಾಮ್ ಚೆನ್ನಾಗಿ ಗಾಳಿ ತುಂಬುವ ಜಾಗದಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಸಿಲಿಂಡರ್ ತುಂಬಿದಷ್ಟೂ ಬೇಗ ಸುಡುತ್ತದೆ, ನಾಕಿಂಗ್ ಹತ್ತಿರ ಬರುತ್ತದೆ. ಅಲ್ಲಿ ಒಂದೆರಡು ಡಿಗ್ರಿ ಹಿಂದೆ ಇಡಿ.

ಆ ಕಾಲದ ಕಾರುಗಳಲ್ಲಿ ಬಹಳಷ್ಟಕ್ಕೆ ನಾಕ್ ಸೆನ್ಸರ್ ಇಲ್ಲ. ನಿಮ್ಮ ಕಿವಿಯೇ ಸೆನ್ಸರ್. ಗ್ಲಾಸ್ ಇಳಿಸಿ, ಗೋಡೆ ಪಕ್ಕ ಓಡಿಸಿದರೆ ಆ ಟಿಣ್ ಟಿಣ್ ಸದ್ದು ಚೆನ್ನಾಗಿ ಕೇಳುತ್ತದೆ. ಡಿಸೆಂಬರ್ ಬೆಳಿಗ್ಗೆ ಟ್ಯೂನ್ ಮಾಡಿ ಮುಗಿಸಿದೆವು ಎಂದುಕೊಳ್ಳಬೇಡಿ. ಏಪ್ರಿಲ್ ಮಧ್ಯಾಹ್ನ ಇನ್ನೊಮ್ಮೆ ಕಿವಿಗೊಡಿ.

ಕೀ ಆನ್ ಮಾಡಿದರೆ ಮ್ಯಾಪ್ 94 ತೋರಿಸುತ್ತದೆ. 101 ಇರಬೇಕಲ್ವಾ? ಸೆನ್ಸರ್ ಹೋಗಿದೆಯಾ?

ಹೋಗಿಲ್ಲ. 101 ಕಿಲೋಪ್ಯಾಸ್ಕಲ್ ಸಮುದ್ರಮಟ್ಟದ ಗಾಳಿಯ ಒತ್ತಡದ ಲೆಕ್ಕ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ 94ರ ಆಸುಪಾಸೇ ಸರಿ. ಚಿತ್ರದುರ್ಗ ಇನ್ನೂ ಮೇಲೆ, ಸುಮಾರು 93. ಬೆಂಗಳೂರಿನಲ್ಲಿ 91. ಮಂಗಳೂರಿಗೆ ಇಳಿದರೆ 101 ಬರುತ್ತದೆ. ಇಲ್ಲಿ ಟ್ಯೂನ್ ಮಾಡಿದ ಕಾರಿನ ಟೇಬಲ್‌ನಲ್ಲಿ 94ರ ಮೇಲಿನ ಸಾಲುಗಳನ್ನು ನೀವು ಒಮ್ಮೆಯೂ ಮುಟ್ಟಿರುವುದಿಲ್ಲ. ಘಾಟಿ ಇಳಿದು ಕರಾವಳಿಗೆ ಹೋಗುವವರು 95, 100ರ ಸಾಲುಗಳಲ್ಲಿ ಪೆಟ್ರೋಲ್ ಅಂದಾಜು ಸೇರಿಸಿ, ಟೈಮಿಂಗ್ ಒಂದು ಡಿಗ್ರಿ ಹಿಂದೆ ಇಟ್ಟುಕೊಂಡೇ ಹೊರಡಿ.

ಈಗ ಬರುವ ಇ20 ಪೆಟ್ರೋಲ್‌ಗೆ ಬೇರೆ ಟ್ಯೂನ್ ಬೇಕಾ?

ಬೇಕು, ಕ್ಯಾಮ್ ಬದಲಿಸದಿದ್ದರೂ ಯೋಚಿಸಬೇಕಾದ ವಿಷಯ. ಎಥನಾಲ್ ಇಲ್ಲದ ಪೆಟ್ರೋಲ್‌ಗೆ ತೂಕದ ಲೆಕ್ಕದಲ್ಲಿ ಒಂದು ಭಾಗಕ್ಕೆ 14.7 ಭಾಗ ಗಾಳಿ. ಶೇಕಡಾ 20 ಎಥನಾಲ್ ಸೇರಿದರೆ ಅದು ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಅದೇ ಗಾಳಿಗೆ ಪೆಟ್ರೋಲ್ ಜಾಸ್ತಿ ಬೇಕು. ಹಳೆ ಟೇಬಲ್ ಇಟ್ಟುಕೊಂಡು ಪೂರ್ತಿ ಒತ್ತಿದರೆ ಅಷ್ಟು ಲೀನ್ ಆಗುತ್ತದೆ. ನಿಧಾನ ಓಡಿಸುವಾಗ ಆಕ್ಸಿಜನ್ ಸೆನ್ಸರ್ ಸರಿಮಾಡುತ್ತದೆ, ಪೂರ್ತಿ ಒತ್ತಿದಾಗ ಯಾರೂ ಸರಿಮಾಡುವುದಿಲ್ಲ.

ಇದಕ್ಕೇ ಮೇಲೆ ಎಲ್ಲ ಕಡೆ ಲ್ಯಾಂಬ್ಡಾ ಲೆಕ್ಕ ಹೇಳಿದ್ದು. ಪೆಟ್ರೋಲ್‌ನಲ್ಲಿ ಎಥನಾಲ್ ಎಷ್ಟೇ ಇದ್ದರೂ ಲ್ಯಾಂಬ್ಡಾ 0.87 ಅಂದರೆ ಅಷ್ಟೇ ರಿಚ್. ಗಾಳಿ–ಪೆಟ್ರೋಲ್ ಅನುಪಾತ 12.8, 13.2 ಎಂದು ಲೆಕ್ಕ ಮಾಡಲು ಹೋದರೆ ಗೊಂದಲ ಆಗುತ್ತದೆ. ಎಥನಾಲ್‌ನಿಂದ ಆಕ್ಟೇನ್ ಏರುವುದು ಮಾತ್ರ ನಮಗೆ ಲಾಭ. ಹಳೆ ರಬ್ಬರ್ ಪೆಟ್ರೋಲ್ ಪೈಪ್‌ಗಳನ್ನು ಈ ನೆಪದಲ್ಲಿ ಬದಲಿಸಿಬಿಡಿ.

ಕ್ಯಾಮ್ ಹಾಕಿದ ಮೇಲೆ ಬ್ರೇಕ್ ಗಟ್ಟಿಯಾಗಿದೆ. ಸಂಬಂಧ ಇದೆಯಾ?

ಇದೆ, ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಮ್ಯಾನಿಫೋಲ್ಡ್ ವ್ಯಾಕ್ಯೂಮ್‌ನಿಂದ. ಕ್ಯಾಮ್ ದೊಡ್ಡದಾದಷ್ಟೂ ಐಡ್ಲಿಂಗ್ ವ್ಯಾಕ್ಯೂಮ್ ಕಡಿಮೆ. ಟ್ರಾಫಿಕ್‌ನಲ್ಲಿ ಎರಡು ಮೂರು ಸಲ ಬೇಗ ಬೇಗ ಪೆಡಲ್ ಒತ್ತಿದರೆ ಬೂಸ್ಟರ್ ಖಾಲಿ. ಟೈಮಿಂಗ್, ಐಡ್ಲಿಂಗ್ ಸರಿಮಾಡಿ ವ್ಯಾಕ್ಯೂಮ್ ವಾಪಸ್ ತರಬಹುದಾ ನೋಡಿ. ಆಗದಿದ್ದರೆ ಇನ್ನೂ ಸಣ್ಣ ಕ್ಯಾಮ್ ಹಾಕಿ, ಇಲ್ಲವೇ ವ್ಯಾಕ್ಯೂಮ್ ಪಂಪ್ ಹಾಕಿಸಿ.

ಡೈನೋ (ಎಂಜಿನ್ ಪವರ್ ಅಳೆಯುವ ಯಂತ್ರ) ಇಲ್ಲದೆ ಊರಲ್ಲೇ ಟ್ಯೂನ್ ಮಾಡಬಹುದಾ?

ಪೆಟ್ರೋಲ್ ಟೇಬಲ್ ಮಾಡಬಹುದು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಲ್ಯಾಪ್‌ಟಾಪ್ ನೋಡಬೇಕು. ಓಡಿಸುವವರು ಸ್ಕ್ರೀನ್ ಕಡೆ ತಿರುಗಲೇಬಾರದು. ಇನ್ನೂ ಒಳ್ಳೆಯದು, ಓಡಿಸುವಾಗ ಲಾಗ್ ಮಾತ್ರ ತೆಗೆದು, ನಿಲ್ಲಿಸಿಕೊಂಡು ತಿದ್ದುವುದು. ಮೂರನೇ ಗೇರ್ ಸಾಕು. ಹೈವೇ ಮೇಲೆ ಐದನೇ ಗೇರ್‌ನಲ್ಲಿ ಪೂರ್ತಿ ಒತ್ತಿ ನೋಡುವುದು ಹುಚ್ಚುತನ. ಲಾರಿ, ಟ್ರ್ಯಾಕ್ಟರ್, ಅಡ್ಡ ಬರುವ ದನ ಯಾವುದೂ ನಿಮ್ಮ ಲಾಗ್ ಮುಗಿಯಲಿ ಎಂದು ಕಾಯುವುದಿಲ್ಲ. ಮೇಲಿನ ಆರ್‌ಪಿಎಂನ ಟೈಮಿಂಗ್‌ಗೆ ಡೈನೋನೇ ಬೇಕು, ಅದಕ್ಕೆ ಬೆಂಗಳೂರಿಗೆ ಹೋಗಿ ಬನ್ನಿ.

ಹಳೆ ಕಾರಿಗೆ ಆ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಹಾಕಿ ಲಾಗ್ ತೆಗೆಯಬಹುದಾ?

ಬಹಳಷ್ಟಕ್ಕೆ ಆಗುವುದಿಲ್ಲ. ಒಬಿಡಿ-2, ಅಂದರೆ ಸ್ಕ್ಯಾನರ್ ಜೊತೆ ಎಲ್ಲ ಕಾರುಗಳೂ ಒಂದೇ ತರ ಮಾತಾಡುವ ವ್ಯವಸ್ಥೆ, ನಮ್ಮಲ್ಲಿ ಕಡ್ಡಾಯ ಆದದ್ದು 2013ರಲ್ಲಿ. ಅದಕ್ಕೂ ಹಳೆಯ ಕಾರುಗಳಲ್ಲಿ ಕಂಪನಿಗೊಂದು ಭಾಷೆ.

ಕೊನೆಗೆ ಎಷ್ಟು ಪವರ್ ಸಿಗುತ್ತದೆ?

80–85 ಬಿಎಚ್‌ಪಿಯ 1.3 ಎಂಜಿನ್‌ಗೆ ಸಣ್ಣ ಕ್ಯಾಮ್, ಒಳ್ಳೆ ಟ್ಯೂನ್ ಆದರೆ ನೂರಕ್ಕೆ ಹತ್ತರ ಒಳಗೇ ಆಸೆ ಇಟ್ಟುಕೊಳ್ಳಿ. ಸೈಲೆನ್ಸರ್, ಹೆಡ್ ಪೋರ್ಟಿಂಗ್, ಕಂಪ್ರೆಷನ್ ಎಲ್ಲ ಮಾಡಿಸಿದರೆ ಲೆಕ್ಕ ಬೇರೆ. ಕ್ಯಾಮ್ ಒಂದರಿಂದಲೇ ಮೂವತ್ತು ಬಿಎಚ್‌ಪಿ ಎಂದು ಯಾರಾದರೂ ಹೇಳಿದರೆ ಡೈನೋ ಶೀಟ್ ಕೇಳಿ, ಮೊದಲಿನದೂ ಆಮೇಲಿನದೂ ಒಂದೇ ದಿನದ್ದು.

ಎಮಿಷನ್ ಟೆಸ್ಟ್, ಆರ್‌ಸಿ ರಿನ್ಯೂವಲ್ ತೊಂದರೆ ಆಗುತ್ತದಾ?

ಆಗಬಹುದು. ಪೆಟ್ರೋಲ್ ಕಾರಿನ ಹೊಗೆ ಪರೀಕ್ಷೆ ಐಡ್ಲಿಂಗ್‌ನಲ್ಲೇ ನಡೆಯುತ್ತದೆ, ದೊಡ್ಡ ಕ್ಯಾಮ್ ಕೆಡಿಸುವುದೂ ಅದನ್ನೇ. ಬಿಎಸ್-2, ಬಿಎಸ್-3 ಕಾರುಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇಕಡಾ 0.5, ಹೈಡ್ರೋಕಾರ್ಬನ್ 750 ಪಿಪಿಎಂ ಮಿತಿ. ಅದಕ್ಕೂ ಹಳೆಯ ನಿಯಮದ ಕಾರುಗಳಿಗೆ ಶೇಕಡಾ 3 ಮತ್ತು 1500 ಪಿಪಿಎಂ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕಿ, ಓವರ್‌ಲ್ಯಾಪ್ ಜಾಸ್ತಿ ಇರುವ ಕ್ಯಾಮ್ ಹಾಕಿ 0.5 ಪಾಸ್ ಆಗುವುದು ಕಷ್ಟ. ಸಣ್ಣ ಕ್ಯಾಮ್, ಬಿಸಿಯಾದ ಕನ್ವರ್ಟರ್, ಸರಿಯಾದ ಐಡ್ಲಿಂಗ್ ಮಿಶ್ರಣ ಇದ್ದರೆ ಪಾಸ್ ಆಗುತ್ತದೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿನ ವಿವರ ಕಂಪನಿ ಮೂಲದಲ್ಲಿ ಕೊಟ್ಟದ್ದಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಹದಿನೈದು ವರ್ಷ ದಾಟಿದ ಕಾರು ಐದೈದು ವರ್ಷಕ್ಕೆ ರಿನ್ಯೂವಲ್‌ಗೆ ಆರ್‌ಟಿಓ ಮುಂದೆ ನಿಲ್ಲಬೇಕು, ಕೆಎ-17 ಆಗಲಿ ಕೆಎ-16 ಆಗಲಿ. ಇನ್ಶೂರೆನ್ಸ್ ಕಂಪನಿಗೂ ತಿಳಿಸದೆ ಮಾಡಿದರೆ ಕ್ಲೇಮ್ ಹೊತ್ತಿಗೆ ತಕರಾರು ಬರಬಹುದು. ಜಾಸ್ತಿ ದೊಡ್ಡ ಕೆಲಸ ಮಾಡುವವರು ಆ ಕಾರನ್ನು ಸ್ಪರ್ಧೆಗೇ ಇಟ್ಟುಕೊಂಡು, ರಸ್ತೆಗೆ ಬೇರೆ ಕಾರು ಇಟ್ಟುಕೊಳ್ಳುವುದು ವಾಸಿ.

ಕಿತ್ತ ಹಳೆ ಕ್ಯಾಮ್, ಹಳೆ ಇಸಿಯು ಗುಜರಿಗೆ ಹಾಕಲಾ?

ಬೇಡ. ಕ್ಯಾಮ್‌ಗೆ ಎಣ್ಣೆ ಸವರಿ, ಪ್ಲಾಸ್ಟಿಕ್ ಸುತ್ತಿ, ನೇತುಹಾಕಿ ಅಥವಾ ಸಮನಾದ ಹಲಗೆ ಮೇಲೆ ಇಡಿ, ಗೋಡೆಗೆ ಓರೆಯಾಗಿ ಆನಿಸಬೇಡಿ. ರಾಕರ್‌ಗಳು ಯಾವ ಲೋಬ್ ಮೇಲೆ ಓಡಿದ್ದವು ಎಂದು ನಂಬರ್ ಹಾಕಿಡಿ, ವಾಪಸ್ ಹಾಕುವಾಗ ಅದೇ ಜೋಡಿ ಸೇರಬೇಕು. ಇಸಿಯು ಕನೆಕ್ಟರ್‌ಗೆ ಟೇಪ್ ಸುತ್ತಿಡಿ, ಹಳೆ ವೈರಿಂಗ್ ಕತ್ತರಿಸಬೇಡಿ. ಈ ಕಾರುಗಳ ಒಳ್ಳೆ ಇಸಿಯು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ನಿಮಗೆ ಬೇಡವಾದರೂ ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ.